ಶಾಪಿಫೈ ಬ್ಲಾಗ್: ಅಂಗಡಿಗೆ ಸಾಕು, ಬರವಣಿಗೆಗೆ ಸಾಲದು

ಕಾಫಿಪುಡಿಯನ್ನೋ ಇಳಕಲ್ ಸೀರೆಯನ್ನೋ ಆನ್‌ಲೈನ್‌ನಲ್ಲಿ ಮಾರುವವರಿಗೆ ಫೋಟೊ ಮತ್ತು ಬೆಲೆ ಮಾತ್ರ ಸಾಲದು. ಪೀಬೆರಿ ಅಂದರೇನು, ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಹಾಕಬೇಕು, ತೋಪ್ ತೆನಿ ಸೆರಗನ್ನು ಗುರುತಿಸುವುದು ಹೇಗೆ ಎಂದು ಜನ ಗೂಗಲ್‌ನಲ್ಲಿ ಹುಡುಕುತ್ತಲೇ ಇರುತ್ತಾರೆ. ಅದಕ್ಕೆ ಉತ್ತರ ಬರೆದಿಟ್ಟ ಅಂಗಡಿಗೆ ಜಾಹೀರಾತಿನ ಖರ್ಚಿಲ್ಲದೆ ಗಿರಾಕಿಗಳು ಬರುತ್ತಾರೆ. ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಸೇವೆಯಾದ ಶಾಪಿಫೈನಲ್ಲಿ ಅಂಗಡಿ ತೆರೆದರೆ ಬ್ಲಾಗ್ ಕೂಡ ಜೊತೆಗೇ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಆ ಬ್ಲಾಗ್ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದು ಇಲ್ಲಿನ ವಿಷಯ.

ತಿಂಗಳಿಗೆ ಎರಡು-ಮೂರು ಸರಳ ಲೇಖನ, ಹೊಸ ಸರಕಿನ ಸುದ್ದಿ, ಹಬ್ಬದ ರಿಯಾಯಿತಿಯ ಪ್ರಕಟಣೆ ಇಷ್ಟೇ ನಿಮ್ಮ ಅಗತ್ಯವಾದರೆ ಇದು ಧಾರಾಳವಾಗಿ ಸಾಕು, ಬೇರೆಲ್ಲೂ ಹೋಗಬೇಡಿ. ಆದರೆ ಲೇಖನಗಳೇ ನಿಮ್ಮ ಅಂಗಡಿಯ ಹೆಬ್ಬಾಗಿಲಾಗಬೇಕು, ನಾಲ್ಕು ಜನ ಬರೆಯಬೇಕು, ವಿಷಯವಾರು ವಿಂಗಡಣೆ ಬೇಕು, ಮುಂದಿನ ಐದು ವರ್ಷ ಅದನ್ನೇ ಬೆಳೆಸಬೇಕು ಅನ್ನುವುದಾದರೆ ಇದರ ಮಿತಿಗಳನ್ನು ಮೊದಲ ಲೇಖನ ಹಾಕುವ ಮುಂಚೆಯೇ ತಿಳಿದಿರಬೇಕು. ನೂರು ಲೇಖನ ಆದಮೇಲೆ ತಿಳಿದರೆ ಬಿಡಿಸಿಕೊಳ್ಳುವುದು ಕಷ್ಟ.

ಲೇಖನವೆಲ್ಲ ಒಂದೇ ಮುದ್ದೆ

ಶಾಪಿಫೈ ಬ್ಲಾಗ್‌ನ ಬಹುಪಾಲು ತೊಂದರೆಗಳ ಬೇರು ಒಂದೇ. ಲೇಖನದ ಶೀರ್ಷಿಕೆ, ಸಾರಾಂಶ, ಒಂದು ಮುಖಚಿತ್ರ, ಲೇಖಕರ ಹೆಸರು, ಟ್ಯಾಗ್ ಇವುಗಳಿಗೆ ಬೇರೆ ಬೇರೆ ಜಾಗ ಇದೆ. ಒಡಲಿಗೆ ಮಾತ್ರ ಒಂದೇ ಪೆಟ್ಟಿಗೆ. ಅದರಲ್ಲಿ ಬರೆದದ್ದೆಲ್ಲ ಒಂದೇ ಎಚ್‌ಟಿಎಂಎಲ್ (ವೆಬ್‌ಪುಟದ ಕೋಡ್) ಮುದ್ದೆಯಾಗಿ ಉಳಿಯುತ್ತದೆ. ಬ್ಲಾಗ್ ಬರೆಯಲು ಹೆಸರಾದ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಪ್ಯಾರಾ, ಚಿತ್ರ, ಕೋಷ್ಟಕ, ಉತ್ಪನ್ನ ಎಲ್ಲವೂ ಬಿಡಿ ಬ್ಲಾಕ್‌ಗಳು. ಮೇಲೆ ಕೆಳಗೆ ಸರಿಸಬಹುದು, ಬೇಕಾದ ಕಡೆ ತೂರಿಸಬಹುದು. ಇಲ್ಲಿ ಆ ಸೌಲಭ್ಯ ಇಲ್ಲ. 2021ರಲ್ಲಿ ಶಾಪಿಫೈನ ಹೊಸ ವಿನ್ಯಾಸ ವ್ಯವಸ್ಥೆ ಆನ್‌ಲೈನ್ ಸ್ಟೋರ್ 2.0 ಬಂದಾಗ ಬಹುತೇಕ ಎಲ್ಲ ಪುಟಗಳಿಗೂ ಸೆಕ್ಷನ್ (ಪುಟದ ಬಿಡಿ ತುಂಡು) ಸೇರಿಸುವ ಅವಕಾಶ ಸಿಕ್ಕಿತು. ಆದರೆ ಲೇಖನದ ಪುಟದಲ್ಲಿ ಸೆಕ್ಷನ್‌ಗಳು ಒಡಲಿನ ಮೇಲೆ ಅಥವಾ ಕೆಳಗೆ ಬರಬಲ್ಲವೇ ಹೊರತು ಮೂರನೇ ಪ್ಯಾರಾಕ್ಕೂ ನಾಲ್ಕನೆಯದಕ್ಕೂ ನಡುವೆ ಬರಲಾರವು.

ಇದರ ಬಿಸಿ ಎಲ್ಲಿ ತಟ್ಟುತ್ತದೆ ನೋಡಿ. ‘ಮನೆಯಲ್ಲೇ ಫಿಲ್ಟರ್ ಕಾಫಿ’ ಎಂಬ ಲೇಖನದ ನಡುವೆ ನಿಮ್ಮ ಅರ್ಧ ಕಿಲೋ ಪುಡಿಯ ಪ್ಯಾಕೆಟ್ಟನ್ನು ಚಿತ್ರ, ಬೆಲೆ, ಕಾರ್ಟ್‌ಗೆ ಸೇರಿಸುವ ಗುಂಡಿ ಸಮೇತ ತೋರಿಸಬೇಕು ಅಂದುಕೊಳ್ಳಿ. ಅಂಗಡಿಯೂ ಬರಹವೂ ಒಂದೇ ಸೂರಿನಡಿ ಇರುವುದರ ಲಾಭವೇ ಅದು ತಾನೆ. ಆದರೆ ಸಂಪಾದನೆಯ ಪೆಟ್ಟಿಗೆಯಲ್ಲಿ ಉತ್ಪನ್ನ ಸೇರಿಸುವ ಗುಂಡಿಯೇ ಇಲ್ಲ. ಶಾಪಿಫೈನ ಟೆಂಪ್ಲೇಟ್ (ಪುಟದ ಅಚ್ಚು) ಭಾಷೆಯಾದ ಲಿಕ್ವಿಡ್‌ನ ಕೋಡ್ ಅನ್ನು ಲೇಖನದೊಳಗೆ ಬರೆದರೂ ಅದು ಕೆಲಸ ಮಾಡುವುದಿಲ್ಲ, ಬರೆದದ್ದು ಹಾಗೇ ಅಕ್ಷರವಾಗಿ ಓದುಗರಿಗೆ ಕಾಣುತ್ತದೆ. ಕೊನೆಗೆ ಬಹಳಷ್ಟು ಜನ ‘ಬೆಲೆ ₹450’ ಎಂದು ಕೈಯಾರೆ ಟೈಪ್ ಮಾಡುತ್ತಾರೆ. ಆರು ತಿಂಗಳಾದಮೇಲೆ ಕಾಫಿ ಬೀಜದ ದರ ಏರಿ, ಉತ್ಪನ್ನದ ಪುಟದಲ್ಲಿ ₹520 ಎಂದು ತಿದ್ದಿದರೂ ಲೇಖನದಲ್ಲಿ ಹಳೆಯ ಬೆಲೆಯೇ ನಿಂತಿರುತ್ತದೆ. ಲೇಖನದಲ್ಲಿ ಎಂದೂ ಬೆಲೆ ಬರೆಯಬೇಡಿ. ಉತ್ಪನ್ನದ ಲಿಂಕ್ ಮಾತ್ರ ಕೊಡಿ.

ಲೇಖನದ ಕೆಳಗಾದರೂ ಉತ್ಪನ್ನ ತೋರಿಸಲು ಸರಿಯಾದ ದಾರಿ ಮೆಟಾಫೀಲ್ಡ್, ಅಂದರೆ ಲೇಖನಕ್ಕೆ ನಾವೇ ಸೇರಿಸಿಕೊಳ್ಳುವ ಹೆಚ್ಚುವರಿ ಮಾಹಿತಿಯ ಜಾಗ. ಸೆಟ್ಟಿಂಗ್ಸ್‌ನಲ್ಲಿ ಮೆಟಾಫೀಲ್ಡ್‌ಗಳ ಪುಟಕ್ಕೆ ಹೋಗಿ, ಬ್ಲಾಗ್ ಪೋಸ್ಟ್ಸ್ ಆಯ್ದು, ಹೊಸ ಡೆಫಿನಿಷನ್ ಮಾಡಿ. ಪ್ರಕಾರ ‘ಪ್ರಾಡಕ್ಟ್’ ಎಂದಿಟ್ಟು, ಒಂದಕ್ಕಿಂತ ಹೆಚ್ಚು ಬೇಕಾದರೆ ಪಟ್ಟಿಯ ಆಯ್ಕೆ ಒತ್ತಿ. ಆಮೇಲೆ ಪ್ರತಿ ಲೇಖನದ ತಳದಲ್ಲಿ ಉತ್ಪನ್ನಗಳನ್ನು ಆರಿಸುವ ಜಾಗ ಬರುತ್ತದೆ. ಥೀಮ್ (ಅಂಗಡಿಯ ಹೊರರೂಪದ ವಿನ್ಯಾಸ) ಎಡಿಟರ್‌ನಲ್ಲಿ ಲೇಖನದ ಟೆಂಪ್ಲೇಟ್‌ಗೆ ‘ಕಸ್ಟಮ್ ಲಿಕ್ವಿಡ್’ ಸೆಕ್ಷನ್ ಸೇರಿಸಿ, ಆ ಮೆಟಾಫೀಲ್ಡ್‌ನ ಮೌಲ್ಯವನ್ನು ಫಾರ್ ಲೂಪ್‌ನಲ್ಲಿ (ಪಟ್ಟಿಯ ಒಂದೊಂದನ್ನೂ ಸರದಿಯಂತೆ ತೆಗೆದುಕೊಳ್ಳುವ ಕೋಡ್) ಸುತ್ತಿಸಿ, ಹೆಸರು, ಚಿತ್ರ, ಬೆಲೆ ತೋರಿಸಬೇಕು. ಒಮ್ಮೆ ಮಾಡಿದರೆ ಎಲ್ಲ ಲೇಖನಕ್ಕೂ ಆಯಿತು, ಬೆಲೆಯೂ ಯಾವಾಗಲೂ ತಾಜಾ ಇರುತ್ತದೆ.

ನಡುವೆಯೇ ಬೇಕು ಎಂದರೆ ಗುರುತಿನ ಉಪಾಯ ಇದೆ. ಲೇಖನದಲ್ಲಿ ಪ್ರತ್ಯೇಕ ಪ್ಯಾರಾ ಆಗಿ ಎರಡು ಚೌಕ ಆವರಣದೊಳಗೆ ಒಂದು ಪದ ಬರೆದು, ಥೀಮ್‌ನ ಲೇಖನ ಸೆಕ್ಷನ್‌ನಲ್ಲಿ ಸ್ಪ್ಲಿಟ್ ಫಿಲ್ಟರ್ ಬಳಸಿ ಒಡಲನ್ನು ಅಲ್ಲಿ ಎರಡಾಗಿ ಸೀಳಿ, ನಡುವೆ ಉತ್ಪನ್ನದ ಕಾರ್ಡ್ ಇಡಬೇಕು. ಸೀಳುವಾಗ ಬರೀ ಪದವನ್ನಲ್ಲ, ಅದನ್ನು ಸುತ್ತಿದ ಎಚ್‌ಟಿಎಂಎಲ್‌ನ ಪ್ಯಾರಾ ಟ್ಯಾಗ್ ಸಮೇತ ಹಿಡಿಯಬೇಕು. ಇಲ್ಲದಿದ್ದರೆ ಪ್ಯಾರಾದ ಅರ್ಧ ಆಚೆ, ಅರ್ಧ ಈಚೆ ಉಳಿದು ಪುಟದ ವಿನ್ಯಾಸ ಕೆಡುತ್ತದೆ. ಇನ್ನೊಂದು ಅಪಾಯವೂ ಇದೆ. ಯಾರಾದರೂ ಆ ಗುರುತಿನ ಪದವನ್ನು ಬೇರೆಡೆಯಿಂದ ಕಾಪಿ ಮಾಡಿ ಅಂಟಿಸಿದರೆ ಅದರ ಸುತ್ತ ಕಾಣದ ಸ್ಪ್ಯಾನ್ ಟ್ಯಾಗ್ (ಅಕ್ಷರಶೈಲಿ ಹೇಳುವ ಕೋಡ್) ಅಂಟಿಕೊಂಡು ಬರುತ್ತದೆ. ಆಗ ಸ್ಪ್ಲಿಟ್‌ಗೆ ಅದು ಸಿಗುವುದಿಲ್ಲ, ಓದುಗರಿಗೆ ಚೌಕ ಆವರಣದ ಪದವೇ ಕಾಣುತ್ತದೆ. ಥೀಮ್‌ನ ಹೊಸ ಆವೃತ್ತಿ ಹಾಕಿಕೊಂಡಾಗ ಈ ಕೋಡ್ ಉಳಿದಿದೆಯೇ ಎಂದು ನೋಡುವುದನ್ನೂ ಮರೆಯಬಾರದು.

ಪ್ರತಿ ಲೇಖನಕ್ಕೂ ಒಂದೊಂದು ಟೆಂಪ್ಲೇಟ್ ಮಾಡಿ, ಇಡೀ ಬರಹವನ್ನು ಸೆಕ್ಷನ್‌ಗಳಲ್ಲೇ ಬರೆದುಬಿಡಿ ಎಂದು ಸಲಹೆ ಕೊಡುವ ಡಿಸೈನರ್‌ಗಳಿದ್ದಾರೆ. ಕಣ್ಣಿಗೆ ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ಒಂದು ಟೆಂಪ್ಲೇಟ್‌ಗೆ 25 ಸೆಕ್ಷನ್, ಒಂದು ಥೀಮ್‌ಗೆ 1,000 ಟೆಂಪ್ಲೇಟ್ ಎಂಬ ಮಿತಿ ಸಣ್ಣ ಅಂಗಡಿಗೆ ದೊಡ್ಡ ಅಡ್ಡಿಯೂ ಅಲ್ಲ. ಅಡ್ಡಿ ಬೇರೆ ಇದೆ. ಹಾಗೆ ಬರೆದ ಮಾತು ಲೇಖನಕ್ಕೆ ಸೇರಿದ್ದಲ್ಲ, ಥೀಮ್‌ನ ಫೈಲಿಗೆ ಸೇರಿದ್ದು. ಹೊಸ ಲೇಖನಗಳನ್ನು ಓದುಗರ ಆ್ಯಪ್‌ಗಳಿಗೆ ಮುಟ್ಟಿಸುವ ಫೀಡ್‌ನಲ್ಲಿ ಅದು ಬರುವುದಿಲ್ಲ, ಲೇಖನಗಳನ್ನು ಹೊರತೆಗೆದರೆ ಅದು ಖಾಲಿ, ಥೀಮ್ ಬದಲಿಸಿದ ದಿನ ಬರಹವೇ ಹೋಯಿತು. ಈ ದಾರಿ ಖಂಡಿತ ಬೇಡ.

ವಿಳಾಸ ಮತ್ತು ವಿಂಗಡಣೆ

ಶಾಪಿಫೈನಲ್ಲಿ ಲೇಖನದ ವಿಳಾಸ ಯಾವಾಗಲೂ ‘/ಬ್ಲಾಗ್ಸ್/ಬ್ಲಾಗ್‌ನ ಹೆಸರು/ಲೇಖನದ ಹೆಸರು’ ಎಂಬ ಅಚ್ಚಿನಲ್ಲೇ ಇರುತ್ತದೆ. ಮೊದಲ ‘ಬ್ಲಾಗ್ಸ್’ ತೆಗೆಯಲು ಬರುವುದಿಲ್ಲ. ನಡುವಿನದ್ದು ತಾನಾಗಿ ‘ನ್ಯೂಸ್’ ಎಂದಿರುತ್ತದೆ. ಮೊದಲ ದಿನವೇ ಬ್ಲಾಗ್ ನಿರ್ವಹಣೆಯ ಪುಟಕ್ಕೆ ಹೋಗಿ ಅದನ್ನು ಬದಲಿಸಿಕೊಳ್ಳಿ. ಕಾಫಿ ಮಾಡುವ ವಿಧಾನ ‘ನ್ಯೂಸ್’ ಎಂಬ ವಿಳಾಸದಡಿ ಕೂರುವುದು ಚೆನ್ನಲ್ಲ, ಎರಡು ವರ್ಷದ ನಂತರ ಬದಲಿಸಹೊರಟರೆ ಎಲ್ಲ ಲೇಖನದ ವಿಳಾಸವೂ ಒಟ್ಟಿಗೆ ಬದಲಾಗುತ್ತದೆ.

ವರ್ಗ, ಉಪವರ್ಗ ಎಂಬ ಏರ್ಪಾಡೇ ಇಲ್ಲ. ಇರುವುದು ಎರಡೇ: ಹಲವು ಬ್ಲಾಗ್‌ಗಳನ್ನು ಮಾಡಿಕೊಳ್ಳುವುದು, ಟ್ಯಾಗ್ ಹಾಕುವುದು. ಒಂದು ಲೇಖನ ಒಂದೇ ಬ್ಲಾಗ್‌ನಲ್ಲಿರಲು ಸಾಧ್ಯ. ಅದನ್ನು ‘ಅಡುಗೆ’ಯಿಂದ ‘ಆರೈಕೆ’ಗೆ ಸರಿಸಿದರೆ ವಿಳಾಸ ಬದಲಾಗುತ್ತದೆ, ಹಳೆಯದಕ್ಕೆ ರಿಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ಕಳಿಸುವ ಏರ್ಪಾಡು) ಇದೆಯೇ ಎಂದು ನೀವೇ ನೋಡಿಕೊಳ್ಳಬೇಕು. ಟ್ಯಾಗ್‌ನ ಪುಟಕ್ಕೆ ತನ್ನದೇ ಶೀರ್ಷಿಕೆ, ಪರಿಚಯದ ಪ್ಯಾರಾ, ಚಿತ್ರ ಕೊಡುವ ಜಾಗ ಇಲ್ಲ. ಹಾಗಾಗಿ ‘ಅರೇಬಿಕಾ’ ಎಂಬ ಟ್ಯಾಗ್ ಪುಟವನ್ನು ಅರೇಬಿಕಾ ಬಗ್ಗೆ ಒಂದು ಒಳ್ಳೆಯ ಪ್ರವೇಶಪುಟವಾಗಿ ಬೆಳೆಸಲಾಗದು.

ಟ್ಯಾಗ್ ಎಗ್ಗಿಲ್ಲದೆ ಹಾಕಿದರೆ ಇನ್ನೊಂದು ಸಮಸ್ಯೆ. ಎರಡು ಟ್ಯಾಗ್ ಕೂಡಿಸಿದ ವಿಳಾಸಗಳನ್ನು ಶಾಪಿಫೈನ ರೋಬೋಟ್ಸ್ ಫೈಲ್ (ಗೂಗಲ್‌ನಂಥವು ಎಲ್ಲಿಗೆ ಬರಬಾರದು ಎಂದು ಹೇಳುವ ಕಡತ) ತಾನೇ ತಡೆಯುತ್ತದೆ, ಆದರೆ ಒಂಟಿ ಟ್ಯಾಗ್ ಪುಟಗಳನ್ನು ಗೂಗಲ್ ಎತ್ತಿಕೊಳ್ಳಬಹುದು. 40 ಲೇಖನಕ್ಕೆ 120 ಟ್ಯಾಗ್ ಇದ್ದರೆ, ಒಂದೇ ಲೇಖನ ಇರುವ ಹತ್ತಾರು ಬಡಕಲು ಪುಟಗಳು ಹುಟ್ಟುತ್ತವೆ. ಥೀಮ್‌ನ ತಲೆಭಾಗದಲ್ಲಿ ‘ಕರೆಂಟ್ ಟ್ಯಾಗ್ಸ್’ ಇದ್ದರೆ ನೋಇಂಡೆಕ್ಸ್ (ಗೂಗಲ್ ಪಟ್ಟಿಗೆ ಸೇರಿಸಬೇಡ ಎಂಬ ಸೂಚನೆ) ಹಾಕು ಎಂಬ ಮೂರು ಸಾಲಿನ ಲಿಕ್ವಿಡ್ ಸೇರಿಸಿದರೆ ಇದು ಬಗೆಹರಿಯುತ್ತದೆ. ಬ್ಲಾಗ್‌ನ ಪುಟಕ್ಕೆ ಮಾತ್ರ ಅನ್ವಯಿಸುವಂತೆ ಷರತ್ತು ಇರಲಿ, ಇಲ್ಲದಿದ್ದರೆ ಸರಕಿನ ಕಲೆಕ್ಷನ್ ಪುಟಗಳಿಗೂ ತಗಲುತ್ತದೆ. ಇದಕ್ಕಿಂತ ಒಳ್ಳೆಯದು, ಎಂಟು-ಹತ್ತು ಟ್ಯಾಗ್‌ಗಳ ಪಟ್ಟಿ ಮಾಡಿಟ್ಟುಕೊಂಡು ಅದರಾಚೆಗೆ ಹೋಗದಿರುವುದು.

ಬರೆಯುವವರ ಕಷ್ಟ

ಲೇಖಕರ ಹೆಸರಿನ ಪಟ್ಟಿಯಲ್ಲಿ ಬರುವುದು ಅಂಗಡಿಯ ಅಡ್ಮಿನ್‌ಗೆ ಪ್ರವೇಶ ಇರುವ ಸಿಬ್ಬಂದಿ ಮಾತ್ರ. ಹೊರಗಿನ ಒಬ್ಬ ಕೃಷಿ ತಜ್ಞರಿಂದ ಬರೆಸಿದರೆ ಅವರ ಹೆಸರು ಹಾಕಲು ಆ ಪಟ್ಟಿಯಲ್ಲಿ ದಾರಿ ಇಲ್ಲ. ಅದಕ್ಕಾಗಿ ಸಿಬ್ಬಂದಿ ಖಾತೆ ತೆರೆಯುವುದು ಖರ್ಚಿನ, ಭದ್ರತೆಯ ಎರಡೂ ದೃಷ್ಟಿಯಿಂದ ತಪ್ಪು. ಮೆಟಾಆಬ್ಜೆಕ್ಟ್‌ನಲ್ಲಿ (ನಾವೇ ರೂಪಿಸಿಕೊಳ್ಳುವ ಮಾಹಿತಿಯ ಕಾರ್ಡ್) ‘ಲೇಖಕ’ ಎಂಬುದೊಂದನ್ನು ಮಾಡಿ, ಹೆಸರು, ಫೋಟೊ, ನಾಲ್ಕು ಸಾಲಿನ ಪರಿಚಯ ತುಂಬಿ, ಲೇಖನದ ಮೆಟಾಫೀಲ್ಡ್‌ನಿಂದ ಅದಕ್ಕೆ ಜೋಡಿಸಿ, ಥೀಮ್‌ನಲ್ಲಿ ಸಿಬ್ಬಂದಿಯ ಹೆಸರಿನ ಬದಲು ಅದನ್ನು ತೋರಿಸಬೇಕು. ಆಗ ಗೂಗಲ್‌ಗೆ ಹೋಗುವ ಸ್ಕೀಮಾ ಮಾಹಿತಿಯಲ್ಲೂ ಹೆಸರು ಬದಲಾಗಿದೆಯೇ ನೋಡಿ. ಪುಟದಲ್ಲಿ ತಜ್ಞರ ಹೆಸರು, ಸ್ಕೀಮಾದಲ್ಲಿ ಅಂಗಡಿ ಗುಮಾಸ್ತರ ಹೆಸರು ಉಳಿಯುವುದು ಸಾಮಾನ್ಯ.

ಹಳೆಯ ಆವೃತ್ತಿಗೆ ಮರಳುವ ವ್ಯವಸ್ಥೆ ಇಲ್ಲ. ಯಾರೋ ಅರ್ಧ ಲೇಖನ ಅಳಿಸಿ ಸೇವ್ ಒತ್ತಿದರೆ ಅದು ಹೋದಂತೆಯೇ. ವರ್ಡ್‌ಪ್ರೆಸ್ ಪ್ರತಿ ಬದಲಾವಣೆಯ ನಕಲು ಇಡುತ್ತದೆ, ಬರೆಯುತ್ತಿರುವಾಗಲೂ ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ. ಶಾಪಿಫೈ ಬಳಸುವವರು ಮೂಲಪ್ರತಿಯನ್ನು ಗೂಗಲ್ ಡಾಕ್ಸ್‌ನಲ್ಲೇ ಇಟ್ಟು, ಕೊನೆಗೆ ತಂದು ಹಾಕುವುದು ಕ್ಷೇಮ.

ಆದರೆ ತಂದು ಹಾಕುವುದರಲ್ಲೂ ಎಚ್ಚರ ಬೇಕು. ಡಾಕ್ಸ್‌ನಿಂದ ನೇರ ಅಂಟಿಸಿದರೆ ಪ್ರತಿ ಸಾಲಿಗೂ ‘ಫಾಂಟ್ ವೇಯ್ಟ್ 400’ ಎಂಬ ಸ್ಪ್ಯಾನ್, ‘ಡೇಟಾ ಎಂಸಿಇ ಫ್ರಾಗ್ಮೆಂಟ್’ ಎಂಬ ಗುರುತು ಸುತ್ತಿಕೊಂಡು ಬರುತ್ತವೆ. ಇವತ್ತು ಕಣ್ಣಿಗೆ ಏನೂ ಕಾಣುವುದಿಲ್ಲ. ನಾಳೆ ಥೀಮ್‌ನ ಅಕ್ಷರಶೈಲಿ ಬದಲಿಸಿದಾಗ ಕೆಲವು ಲೇಖನ ಮಾತ್ರ ಬದಲಾಗದೆ ಹಾಗೇ ನಿಲ್ಲುವುದು ಇದರಿಂದಲೇ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಬರೀ ಪಠ್ಯ ಅಂಟಿಸಿ, ಶೀರ್ಷಿಕೆ, ಲಿಂಕ್‌ಗಳನ್ನು ಅಲ್ಲೇ ಕೊಡಿ. ಉಪಶೀರ್ಷಿಕೆಗಳಿಗೆ ‘ಹೆಡಿಂಗ್ 2’ರಿಂದ ಶುರುಮಾಡಿ, ಹೆಡಿಂಗ್ 1 ಅನ್ನು ಸಾಮಾನ್ಯವಾಗಿ ಥೀಮ್ ಲೇಖನದ ಹೆಸರಿಗೆ ಬಳಸಿಕೊಂಡಿರುತ್ತದೆ.

ಪ್ರತಿಕ್ರಿಯೆಗಳ ವಿಷಯದಲ್ಲಿ ಹೇಳುವುದು ಕಡಿಮೆ. ಮುಚ್ಚಬಹುದು, ಪರಿಶೀಲಿಸಿ ಬಿಡಬಹುದು, ನೇರ ಬಿಡಬಹುದು. ಈ ಆಯ್ಕೆ ಇಡೀ ಬ್ಲಾಗ್‌ಗೆ ಅನ್ವಯ, ಬಿಡಿ ಲೇಖನಕ್ಕಲ್ಲ. ಒಬ್ಬರ ಪ್ರಶ್ನೆಯ ಕೆಳಗೇ ಉತ್ತರ ಜೋಡಿಸಲು ಬರುವುದಿಲ್ಲ. ಪ್ರಶ್ನೋತ್ತರ ಬೇಕಿದ್ದರೆ ವಾಟ್ಸ್‌ಆ್ಯಪ್ ಸಂಖ್ಯೆ ಕೊಡುವುದೇ ವಾಸಿ.

ಕನ್ನಡದಲ್ಲಿ ಬರೆಯುವವರಿಗೆ

ಈ ಭಾಗವನ್ನು ಶಾಪಿಫೈ ಸೆಟಪ್ ಮಾಡಿಕೊಡುವವರು ಬಹುತೇಕ ಗಮನಿಸುವುದೇ ಇಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ.

ವಿಳಾಸದಲ್ಲಿ ಕನ್ನಡ ಅಕ್ಷರ ಇಡಬೇಡಿ. ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್. ಲಿಂಕ್ ಕಾಪಿ ಮಾಡಿ ಕಳಿಸುವಾಗ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಒಂಬತ್ತು ಅಕ್ಷರಕ್ಕೆ ಹಿಗ್ಗುತ್ತದೆ. ‘ಕಾಫಿ’ ಎಂಬುದರಲ್ಲಿ ನಾಲ್ಕು ಚಿಹ್ನೆ ಇವೆ, ಅಷ್ಟಕ್ಕೇ 36 ಅಕ್ಷರ. ವಾಟ್ಸ್‌ಆ್ಯಪ್‌ನಲ್ಲಿ ಆ ಲಿಂಕ್ ನೋಡಿದವರು ಏನೋ ಮೋಸದ ಲಿಂಕ್ ಎಂದುಕೊಂಡಾರು. ಶೀರ್ಷಿಕೆ ಕನ್ನಡದಲ್ಲಿರಲಿ, ಎಸ್‌ಇಒ (ಹುಡುಕಾಟದಲ್ಲಿ ಕಾಣುವ ರೂಪ) ವಿಭಾಗದ ಹ್ಯಾಂಡಲ್ (ವಿಳಾಸದ ಕೊನೆಯ ಭಾಗ) ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಕೈಯಾರೆ ಬರೆಯಿರಿ. ಪ್ರಕಟಿಸುವ ಮುಂಚೆ.

ಅದೇ ವಿಭಾಗದಲ್ಲಿ ಶೀರ್ಷಿಕೆಗೆ 70 ಅಕ್ಷರ ಎಂಬ ಲೆಕ್ಕ ಕಾಣುತ್ತದೆ. ಅದು ನಮ್ಮ ಅಕ್ಷರದ ಲೆಕ್ಕವಲ್ಲ. ‘ಚಿಕ್ಕಮಗಳೂರು ಕಾಫಿ’ ನಮಗೆ ಎಂಟು ಅಕ್ಷರ, ಆ ಲೆಕ್ಕಕ್ಕೆ 16. ಗುಣಿತ, ಒತ್ತು, ನಡುವಿನ ಖಾಲಿ ಜಾಗ ಎಲ್ಲವೂ ಬಿಡಿಬಿಡಿಯಾಗಿ ಎಣಿಕೆಯಾಗುತ್ತವೆ. ಗೂಗಲ್ ಶೀರ್ಷಿಕೆಯನ್ನು ಕತ್ತರಿಸುವುದು ಪರದೆಯ ಮೇಲಿನ ಅಗಲ ನೋಡಿ. ಹಾಗಾಗಿ ಆ ಅಂಕಿಗೆ ಕಟ್ಟುಬೀಳದೆ, ಮುಖ್ಯ ಪದಗಳು ಮೊದಲೇ ಬರುವಂತೆ ಬರೆದರೆ ಸಾಕು.

ಶಾಪಿಫೈನ ಉಚಿತ ಡಾನ್ ಥೀಮ್ ಅಕ್ಷರಗಳ ನಡುವೆ 0.06 ರೆಮ್ (ಅಕ್ಷರಗಾತ್ರದ ಅಳತೆ) ಅಂತರ ಇಡುತ್ತದೆ. ಇಂಗ್ಲಿಷಿಗೆ ಅದು ಚೆಂದ, ಕನ್ನಡದಲ್ಲಿ ಪದಗಳು ಬಿಡಿಬಿಡಿಯಾಗಿ ಕಾಣುತ್ತವೆ. ತಲೆಬರಹದ ಸಾಲಿನ ಎತ್ತರವೂ ಕಡಿಮೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಥೀಮ್ ಸೆಟ್ಟಿಂಗ್ಸ್‌ನ ಕಸ್ಟಮ್ ಸಿಎಸ್‌ಎಸ್‌ನಲ್ಲಿ (ವಿನ್ಯಾಸದ ಕೋಡ್ ಬರೆಯುವ ಜಾಗ) ಲೇಖನದ ಭಾಗಕ್ಕೆ ಅಕ್ಷರದಂತರ 0, ಒಡಲಿಗೆ ಸಾಲಿನ ಎತ್ತರ 1.8, ತಲೆಬರಹಕ್ಕೆ 1.5 ಕೊಡಿ. ಡಾನ್‌ನ ಮೂಲ ಫಾಂಟ್‌ನಲ್ಲಿ ಕನ್ನಡ ಇಲ್ಲದ ಕಾರಣ ಆಂಡ್ರಾಯ್ಡ್, ವಿಂಡೋಸ್, ಐಫೋನ್ ಮೂರರಲ್ಲೂ ಬೇರೆ ಬೇರೆ ಅಕ್ಷರರೂಪ ಕಾಣುತ್ತದೆ. ಒಂದೇ ರೀತಿ ಬೇಕಿದ್ದರೆ ನೋಟೊ ಸಾನ್ಸ್ ಕನ್ನಡವನ್ನು ಅಪ್‌ಲೋಡ್ ಮಾಡಿ, ಯೂನಿಕೋಡ್ ವ್ಯಾಪ್ತಿಯನ್ನು ಕನ್ನಡಕ್ಕೆ ಮಾತ್ರ ಸೀಮಿತಗೊಳಿಸಿ ಸೇರಿಸಿ. ಇಂಗ್ಲಿಷ್ ಪುಟಗಳಿಗೆ ಅದರ ಭಾರ ಬೀಳುವುದಿಲ್ಲ.

ಅಂಗಡಿಯ ಭಾಷೆ ಇಂಗ್ಲಿಷ್ ಇದ್ದು ಲೇಖನ ಕನ್ನಡದಲ್ಲಿದ್ದರೆ ಪುಟ ತನ್ನನ್ನು ಇಂಗ್ಲಿಷ್ ಎಂದೇ ಘೋಷಿಸಿಕೊಳ್ಳುತ್ತದೆ. ದೃಷ್ಟಿದೋಷ ಇರುವವರು ಬಳಸುವ ಓದುಯಂತ್ರ ಇದರಿಂದ ಎಡವುತ್ತದೆ. ‘ಕನ್ನಡ’ ಎಂಬುದಕ್ಕೆ ಒಂದು ಟ್ಯಾಗ್ ಇಟ್ಟು, ಆ ಟ್ಯಾಗ್ ಇರುವ ಲೇಖನದ ಒಡಲಿಗೆ ಭಾಷೆ ತಿಳಿಸುವ ಲ್ಯಾಂಗ್ ಗುಣವನ್ನು ಕನ್ನಡ ಎಂದು ಕೊಡುವಂತೆ ಥೀಮ್‌ನಲ್ಲಿ ಬರೆಸಿಕೊಳ್ಳಿ. ಒಂದೇ ಲೇಖನ ಎರಡೂ ಭಾಷೆಯಲ್ಲಿ ಬೇಕಾದವರಿಗೆ ಶಾಪಿಫೈನದ್ದೇ ಉಚಿತ ‘ಟ್ರಾನ್ಸ್‌ಲೇಟ್ ಆ್ಯಂಡ್ ಅಡಾಪ್ಟ್’ ಆ್ಯಪ್ ಇದೆ. ಅದರಲ್ಲಿ ಪಕ್ಕಪಕ್ಕದಲ್ಲೇ ಇಟ್ಟುಕೊಂಡು ಅನುವಾದ ತುಂಬಬಹುದು. ಯಂತ್ರಾನುವಾದವನ್ನು ಹಾಗೇ ಪ್ರಕಟಿಸಬೇಡಿ.

ಇದರ ಗೆಲುವು ಎಲ್ಲಿ

ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಸರ್ವರ್ ಬೀಳುತ್ತದೆ, ಪ್ಲಗಿನ್ ಹಳತಾಯಿತು, ಯಾರೋ ಹ್ಯಾಕ್ ಮಾಡಿದರು ಎಂಬ ಚಿಂತೆ ಇಲ್ಲಿಲ್ಲ. ಚಿತ್ರಗಳು ಶಾಪಿಫೈನ ಸಿಡಿಎನ್‌ನಿಂದ (ಹಲವೆಡೆ ಹರಡಿರುವ ಸರ್ವರ್‌ಗಳ ಜಾಲ) ಹೋಗುತ್ತವೆ, ದೀಪಾವಳಿಯ ದಟ್ಟಣೆಯಲ್ಲೂ ಪುಟ ನಿಧಾನವಾಗುವುದಿಲ್ಲ. (ಒಡಲಿನೊಳಗೆ ಹಾಕುವ ಚಿತ್ರವನ್ನು ಮಾತ್ರ 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿಯೇ ಹಾಕಿ, ಮೊಬೈಲ್‌ಗೆ ತಕ್ಕ ಗಾತ್ರ ಆರಿಸಿಕೊಡುವ ಏರ್ಪಾಡು ಮುಖಚಿತ್ರಕ್ಕೆ ಇರುವಂತೆ ಅಲ್ಲಿಲ್ಲ.) ದಿನ, ಗಂಟೆ ಗೊತ್ತುಮಾಡಿ ಪ್ರಕಟಿಸಬಹುದು. ಯಾವ ಲೇಖನದಿಂದ ಒಳಬಂದವರು ಎಷ್ಟು ಕೊಂಡರು ಎಂಬುದು ಅಂಗಡಿಯ ವರದಿಯಲ್ಲೇ ಸಿಗುತ್ತದೆ. ಒಬ್ಬರೇ ನಡೆಸುವ ಅಂಗಡಿಗೆ ಇವು ಸಣ್ಣ ಅನುಕೂಲಗಳಲ್ಲ. ಇಂಥದೇ ಅಂಗಡಿ ತಂತ್ರಾಂಶವಾದ ಅಡೋಬಿಯ ಮಜೆಂಟೊದಲ್ಲಿ ಬ್ಲಾಗ್ ಎಂಬುದೇ ಮೂಲದಲ್ಲಿ ಇಲ್ಲ, ಬೇರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು.

ಸಾಲದಾದಾಗ

ದಾರಿ ಮೂರು. ಬ್ಲಾಗ್ ಆ್ಯಪ್‌ಗಳು ಮೊದಲನೆಯದು. ತಿಂಗಳ ಬಾಡಿಗೆ ಕೊಟ್ಟರೆ ಬ್ಲಾಕ್ ಎಡಿಟರ್, ವರ್ಗ, ಲೇಖಕರ ಪುಟ ಎಲ್ಲ ಸಿಗುತ್ತವೆ. ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಬರಹ ಉಳಿಯುವುದು ಎಲ್ಲಿ? ಕೆಲವು ಆ್ಯಪ್‌ಗಳು ಶಾಪಿಫೈನ ಲೇಖನದಲ್ಲೇ ಉಳಿಸುತ್ತವೆ, ಕೆಲವು ತಮ್ಮ ಸರ್ವರ್‌ನಲ್ಲಿಟ್ಟು ಆ್ಯಪ್ ಪ್ರಾಕ್ಸಿಯ ಮೂಲಕ (ಅಂಗಡಿಯ ವಿಳಾಸದಲ್ಲೇ ಇರುವಂತೆ) ತೋರಿಸುತ್ತವೆ. ಎರಡನೆಯ ಬಗೆಯಲ್ಲಿ ಬಾಡಿಗೆ ನಿಲ್ಲಿಸಿದ ದಿನ ಲೇಖನಗಳೂ ಕಾಣೆಯಾಗುತ್ತವೆ.

ಎರಡನೆಯದು, ಅಂಗಡಿ ಶಾಪಿಫೈನಲ್ಲೇ ಇದ್ದು ಬರಹ ಮಾತ್ರ ವರ್ಡ್‌ಪ್ರೆಸ್‌ನಲ್ಲಿ. ಬರೆಯುವುದನ್ನೇ ನಂಬಿದ ಅಂಗಡಿಗೆ ಇದೇ ಸರಿ ಎಂಬುದು ನಮ್ಮ ಅಭಿಪ್ರಾಯ. ನಿಮ್ಮ ಡೊಮೇನ್‌ನ ಒಂದು ಉಪಕೋಶವಾಗಿ (ಡೊಮೇನ್ ಹೆಸರಿನ ನಂತರ ಬರುವ ವಿಳಾಸ) ಅಲ್ಲ, ಡೊಮೇನ್ ಹೆಸರಿಗೂ ಮೊದಲು ಬರುವ ‘ಬ್ಲಾಗ್’ ಎಂಬ ಸಬ್‌ಡೊಮೇನ್ ಆಗಿ ಮಾಡುವುದೇ ಸರಳ. ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ‘ಬ್ಲಾಗ್’ ಹೆಸರಿಗೆ ಹೊಸ ರೆಕಾರ್ಡ್ ಸೇರಿಸಿ ವರ್ಡ್‌ಪ್ರೆಸ್ ಹೋಸ್ಟಿಂಗ್‌ನ ಐಪಿ (ಸರ್ವರ್‌ನ ಅಂಕಿ ವಿಳಾಸ) ಕೊಡಿ. ಮೂಲ ಡೊಮೇನ್‌ನ ಎ ರೆಕಾರ್ಡ್ 23.227.38.65 ಎಂದಿರುತ್ತದೆ, ಅದು ಶಾಪಿಫೈನದು, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಅಂಗಡಿಯೇ ಬಂದ್. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಡೊಮೇನ್ ಪ್ರಾಪರ್ಟಿ ಮಾಡಿದರೆ ಅಂಗಡಿ, ಬ್ಲಾಗ್ ಎರಡರ ಹುಡುಕಾಟದ ಲೆಕ್ಕವೂ ಒಂದೇ ಕಡೆ ಸಿಗುತ್ತದೆ. ಲೇಖನದ ನಡುವೆ ಸರಕು ತೋರಿಸಲು ಶಾಪಿಫೈನ ಬೈ ಬಟನ್ ಇದೆ. ಅದು ಕೊಡುವ ಕೋಡನ್ನು ವರ್ಡ್‌ಪ್ರೆಸ್‌ನ ಎಚ್‌ಟಿಎಂಎಲ್ ಬ್ಲಾಕ್‌ನಲ್ಲಿ ಅಂಟಿಸಿದರೆ ಬೆಲೆ ಅಂಗಡಿಯಿಂದಲೇ ಬರುತ್ತದೆ. ಶಾಪಿಫೈನ ಸ್ವಂತ ಬ್ಲಾಗ್‌ನಲ್ಲಿ ಸಲೀಸಾಗಿ ಆಗದ ಕೆಲಸ ಹೊರಗೆ ಸುಲಭವಾಗಿ ಆಗುತ್ತದೆ ಎಂಬುದು ಗಮನಿಸಬೇಕಾದ್ದು. ಪ್ರತಿಯಾಗಿ ವರ್ಡ್‌ಪ್ರೆಸ್‌ನ ಅಪ್‌ಡೇಟ್, ಬ್ಯಾಕಪ್, ಭದ್ರತೆ ನಿಮ್ಮ ತಲೆಗೆ ಬರುತ್ತವೆ.

ಮೂರನೆಯದು ಅಂಗಡಿಯನ್ನೂ ವರ್ಡ್‌ಪ್ರೆಸ್‌ನ ಅಂಗಡಿ ಪ್ಲಗಿನ್ ಆದ ವೂಕಾಮರ್ಸ್‌ಗೆ ಒಯ್ಯುವುದು. ಹೊಸದಾಗಿ ಶುರುಮಾಡುವವರು ಯೋಚಿಸಬಹುದು. ನಡೆಯುತ್ತಿರುವ ಅಂಗಡಿಯನ್ನು ಬ್ಲಾಗ್‌ಗೋಸ್ಕರ ಕೀಳುವುದು ಲಾಭದ ಮಾತಲ್ಲ.

ಬರಹವನ್ನು ಹೊರಗೆ ಸಾಗಿಸುವುದಾದರೆ ಒಂದು ವಿಷಯ ಗೊತ್ತಿರಲಿ: ಉತ್ಪನ್ನ, ಗ್ರಾಹಕರ ಪಟ್ಟಿಗಳಿಗೆ ಇರುವಂತೆ ಲೇಖನಗಳಿಗೆ ಎಕ್ಸ್‌ಪೋರ್ಟ್ ಗುಂಡಿ ಇಲ್ಲ. ಮ್ಯಾಟ್ರಿಕ್ಸಿಫೈ ಆ್ಯಪ್‌ನಿಂದ ಎಕ್ಸೆಲ್ ಕಡತವಾಗಿ ತೆಗೆಯಬಹುದು. ಚಿತ್ರಗಳ ವಿಳಾಸ ಆಗಲೂ ಶಾಪಿಫೈನ ಸಿಡಿಎನ್‌ನದ್ದೇ ಇರುತ್ತದೆ, ಅವನ್ನು ಇಳಿಸಿಕೊಂಡು ಹೊಸ ಜಾಗಕ್ಕೆ ಏರಿಸಿ. ಹಳೆಯ ವಿಳಾಸದಿಂದ ಹೊಸದಕ್ಕೆ ರಿಡೈರೆಕ್ಟ್‌ಗಳನ್ನು ಎರಡು ಕಾಲಂನ ಸಿಎಸ್‌ವಿ ಕಡತ (ಸರಳ ಪಟ್ಟಿ) ಮಾಡಿ ಒಟ್ಟಿಗೆ ಹಾಕಬಹುದು. ಹಳೆಯ ಲೇಖನ ಇನ್ನೂ ಪ್ರಕಟವಾಗಿಯೇ ಇದ್ದರೆ ರಿಡೈರೆಕ್ಟ್ ಕೆಲಸ ಮಾಡುವುದಿಲ್ಲ. ಮೊದಲು ಐದು ಲೇಖನವನ್ನು ಮರೆಮಾಡಿ, ಅವುಗಳ ಹಳೆಯ ಲಿಂಕ್‌ಗಳನ್ನು ಲಾಗಿನ್ ಇಲ್ಲದ ಮೊಬೈಲ್‌ನಲ್ಲಿ ತೆರೆದು, ಸರಿಯಾದ ಪುಟಕ್ಕೇ ಹೋಗುತ್ತವೆಯೇ ನೋಡಿ, ಆಮೇಲೆ ಉಳಿದವನ್ನು ಮುಚ್ಚಿ.